ಹಳೆಯ ಪಿಕಪ್‌ಗೆ ಗಾಳಿಚೀಲ ಕೂರಿಸಿದ ಮೇಲೆ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಟ್ರೇಲರ್ ಸಿಕ್ಕಿಸಿದ ಕೂಡಲೇ ಹಿಂಭಾಗ ಕುಸಿದು, ಹೆಡ್‌ಲೈಟಿನ ಬೆಳಕು ರಸ್ತೆಯನ್ನು ಬಿಟ್ಟು ಮರದ ತುದಿಗೆ ಬೀಳುವ ಹಳೆಯ ಪಿಕಪ್ ಟ್ರಕ್ಕು ಅಮೆರಿಕದ ಹೆದ್ದಾರಿಗಳಲ್ಲಿ ದಿನವೂ ಕಾಣುವ ನೋಟ. ಇದಕ್ಕೆ ಪರಿಹಾರವೆಂದು ಬಹಳ ಮಂದಿ ಮೊದಲು ಕೊಳ್ಳುವುದು ಹಿಂದಿನ ಆಕ್ಸಲ್ ಮೇಲೆ ಕೂರುವ ಗಾಳಿಚೀಲದ ಕಿಟ್ಟನ್ನು. ಓಹಾಯೋದ ಉತ್ತರ ಭಾಗದಲ್ಲಿ, ಈರಿ ಸರೋವರದ ಕಡೆಯಿಂದ ಹಿಮ ಬಂದು ಸುರಿಯುವ ಪಟ್ಟಿಯಲ್ಲಿ ವಾಸಿಸುವ ನಾನು ನನ್ನ 2003ರ ಷೆವ್ರೊಲೆ ಸಿಲ್ವೆರಾಡೊ 1500 ಗಾಡಿಗೆ ಇಂತಹ ಕಿಟ್ಟನ್ನು ಸ್ವತಃ ಕೂರಿಸಿ, ನನ್ನದೇ ತಪ್ಪುಗಳಿಂದಾಗಿ ಅದನ್ನು ಎರಡು ಬಾರಿ ಬಿಚ್ಚಿ ಮತ್ತೆ ಕಟ್ಟಿದ್ದೇನೆ. ಆ ಅನುಭವದ ಮೇಲೆ, ಕಣ್ಣಿಗೆ ಮತ್ತು ಕಿವಿಗೆ ಮೊದಲು ಗೊತ್ತಾಗುವ ಲಕ್ಷಣಗಳನ್ನು ಹಿಡಿದು ಈ ಕೈಪಿಡಿಯನ್ನು ಬರೆದಿದ್ದೇನೆ.

ಇಲ್ಲಿ ಗಾಳಿಚೀಲವೆಂದರೆ ಅಪಘಾತದ ಹೊತ್ತಿನಲ್ಲಿ ಸ್ಟೀರಿಂಗ್‌ನಿಂದ ಉಬ್ಬಿಬರುವ ಏರ್‌ಬ್ಯಾಗ್ ಅಲ್ಲ. ಚಾಸಿಗೂ ಹಿಂದಿನ ಆಕ್ಸಲ್‌ಗೂ ನಡುವೆ, ಮೊದಲಿನಿಂದ ಇರುವ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳ) ಕಟ್ಟನ್ನು ಹಾಗೆಯೇ ಉಳಿಸಿಕೊಂಡು, ಅದರ ನೆರವಿಗೆಂದು ಕೂರಿಸುವ ರಬ್ಬರಿನ ಚೀಲ. ಎರಡು ದಪ್ಪ ಕೋಡುಬಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಕಾಣುತ್ತದೆ. ಫೈರ್‌ಸ್ಟೋನ್‌ನ ರೈಡ್-ರೈಟ್, ಏರ್ ಲಿಫ್ಟ್‌ನ ಲೋಡ್‌ಲಿಫ್ಟರ್ 5000 ಮುಂತಾದವು ಈ ಜಾತಿಯವು. ಬೆಂಗಳೂರಿನ ವೋಲ್ವೊ ಬಸ್ಸುಗಳ ಭಾರವೆಲ್ಲ ಗಾಳಿಯ ಮೇಲೆಯೇ ನಿಂತಿರುತ್ತದೆ. ಇಲ್ಲಿ ಗಾಳಿ ಬರಿಯ ಸಹಾಯಕ. ಲೀಫ್ ಸ್ಪ್ರಿಂಗನ್ನೇ ತೆಗೆದು, ಚಾಸಿಯನ್ನು ಕತ್ತರಿಸಿ ವೆಲ್ಡ್ ಮಾಡಿ, ನಾಲ್ಕೂ ಚಕ್ರವನ್ನು ಗಾಳಿಯ ಮೇಲೆ ನಿಲ್ಲಿಸುವ ಕೆಲಸ ಬೇರೆಯೇ ಆಗಿದ್ದು, ಅದು ಮೊದಲ ಬಾರಿಗೆ ಪಾನಾ ಹಿಡಿದವರಿಗೆ ತಕ್ಕುದಲ್ಲವೆಂಬುದು ನನ್ನ ಅಭಿಪ್ರಾಯ. ಒತ್ತಡವನ್ನು ಇಲ್ಲಿನ ರೂಢಿಯಂತೆ ಪಿಎಸ್‌ಐನಲ್ಲಿ ಬರೆದಿದ್ದೇನೆ. ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ‘ಮೂವತ್ತು ಪೌಂಡು ಗಾಳಿ’ ಎನ್ನುವಾಗಿನ ಪೌಂಡು ಇದೇ.

ಕಿಟ್ಟಿನ ಪೆಟ್ಟಿಗೆ ತೆರೆಯುವ ಮೊದಲು ಮಾಡಲೇಬೇಕಾದ, ಆದರೆ ಬಹುತೇಕ ಎಲ್ಲರೂ ಬಿಟ್ಟುಬಿಡುವ ಕೆಲಸವೊಂದಿದೆ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಗಳಲ್ಲಿ ಹಬ್ಬಿನ ನಡುಬಿಂದುವಿನಿಂದ ನೇರ ಮೇಲಿನ ಮಡ್‌ಗಾರ್ಡ್ ಕಮಾನಿನ ಅಂಚಿನವರೆಗೆ ಅಳೆದು, ಆ ಹೊತ್ತಿಗೆ ಟ್ಯಾಂಕಿನಲ್ಲಿದ್ದ ಪೆಟ್ರೋಲಿನ ಮಟ್ಟದೊಂದಿಗೆ ಬರೆದಿಡಬೇಕು. ನೆಲದಿಂದ ಅಳೆದರೆ ಟೈರಿನ ಗಾಳಿಯೂ ಲೆಕ್ಕದಲ್ಲಿ ಸೇರಿ ಅಳತೆ ತಪ್ಪುತ್ತದೆ. ಆಮೇಲೆ ಎಂದಿನ ಟ್ರೇಲರನ್ನೋ ಎಂದಿನ ಹೊರೆಯನ್ನೋ ಹೇರಿ ಇದೇ ನಾಲ್ಕು ಅಳತೆಗಳನ್ನು ಮತ್ತೊಮ್ಮೆ ತೆಗೆಯಬೇಕು. ಚೀಲದ ಮೇಲೆ ಹೊರಿಸುವ ದೂರುಗಳಲ್ಲಿ ಎಷ್ಟೋ ನಿಜವಾಗಿ ಇಪ್ಪತ್ತು ವರ್ಷ ಹಳೆಯ ಗಾಡಿಯ ದೂರುಗಳು. ಯಾವುದು ಯಾರದ್ದು ಎಂದು ಬೇರ್ಪಡಿಸಲು ಈ ಎಂಟು ಅಂಕಿಗಳಲ್ಲದೆ ಬೇರೆ ಸಾಕ್ಷಿಯಿಲ್ಲ. ನನ್ನ ಗಾಡಿಯ ಎಡ ಹಿಂಭಾಗ ಬಲಕ್ಕಿಂತ ಕಾಲು ಇಂಚು ತಗ್ಗಿತ್ತೆಂದು ಕಿಟ್ ಹಾಕುವ ಹಿಂದಿನ ದಿನವೇ ಬರೆದಿಟ್ಟಿದ್ದರಿಂದ, ಮುಂದೆ ಅದೇ ಕಾಲು ಇಂಚಿನ ಹಿಂದೆ ಬೀಳುವುದು ತಪ್ಪಿತು.

ಗಾಡಿಯ ಕೆಳಗೆ ಹೋಗುವ ಮುನ್ನ

ಗಾಳಿ ತುಂಬಿದ ಚೀಲವನ್ನಾಗಲಿ, ಜಾಕ್ ಒಂದನ್ನೇ ಆಗಲಿ ನಂಬಿ ಗಾಡಿಯ ಕೆಳಗೆ ತಲೆ ಹಾಕಬಾರದು. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಮರದ ಆನಿಕೆ ಕೊಟ್ಟು, ಗಟ್ಟಿ ನೆಲದ ಮೇಲೆ ಜಾಕ್ ಸ್ಟ್ಯಾಂಡ್ ನಿಲ್ಲಿಸಿ, ಗಾಡಿಯನ್ನು ಕೈಯಿಂದ ಒಮ್ಮೆ ಅಲ್ಲಾಡಿಸಿ ನೋಡಿದ ಮೇಲೆ ಕೆಳಗೆ ಹೋಗಬೇಕು. ಒತ್ತಡವನ್ನು ಪೂರ್ತಿ ಇಳಿಸದೆ ಯಾವ ಫಿಟ್ಟಿಂಗನ್ನೂ ಸಡಿಲಿಸಬಾರದು. ಮೇಲೆ ಕೆಳಗೆ ಬಿಗಿಯದ ಚೀಲವನ್ನು ಮೇಜಿನ ಮೇಲಿಟ್ಟು ‘ಸೋರುತ್ತದೆಯೋ ನೋಡೋಣ’ ಎಂದು ಗಾಳಿ ತುಂಬುವುದು ಅತ್ಯಂತ ಅಪಾಯಕಾರಿ, ಏಕೆಂದರೆ ತಡೆಯಿಲ್ಲದ ಚೀಲ ಹಿಗ್ಗಿ ಸಿಡಿಯಬಹುದು. ಚಾಸಿಯನ್ನು ಹಿಡಿದು ಗಾಡಿ ಎತ್ತುವಾಗ ಆಕ್ಸಲ್ ಜೋತುಬಿದ್ದು ಚೀಲವನ್ನು ಎಳೆಯುವುದರಿಂದ, ಎತ್ತುವ ಮೊದಲು ಗಾಳಿ ಇಳಿಸಿರಬೇಕು. ಟೈರ್ ಅಂಗಡಿಗೆ ಹೋದಾಗ ಈ ಮಾತನ್ನು ಅಲ್ಲಿನವರಿಗೆ ಮೊದಲೇ ಹೇಳುವುದು ಒಳ್ಳೆಯದು.

ಲಕ್ಷಣ: ಸಂಜೆ ತುಂಬಿದ ಗಾಳಿ ಬೆಳಗಾಗುವಷ್ಟರಲ್ಲಿ ಇಳಿದಿದೆ

ಹೊಸದಾಗಿ ಕಿಟ್ ಕೂರಿಸಿದವರ ಮೊದಲ ದೂರು ಇದು. ಸೋಪಿನ ನೀರು ತರುವ ಮೊದಲು ಗೇಜನ್ನೇ ಅನುಮಾನಿಸಬೇಕು. ಟೈರಿನಲ್ಲಿ ಗಾಳಿ ಬಹಳವಿರುವುದರಿಂದ ಗೇಜ್ ಒತ್ತುವಾಗ ‘ಸುಸ್’ ಎಂದು ಹೊರಬೀಳುವ ತುಸು ಗಾಳಿ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಚೀಲ ಮತ್ತು ಕಾಲು ಇಂಚಿನ ನೈಲಾನ್ ಕೊಳವೆಯಲ್ಲಿರುವ ಗಾಳಿ ಅದಕ್ಕಿಂತ ಎಷ್ಟೋ ಕಡಿಮೆ. ಅದೇ ‘ಸುಸ್’ ಇಲ್ಲಿ ಕೆಲವು ಪಿಎಸ್‌ಐಯನ್ನು ತಿಂದುಹಾಕುತ್ತದೆ. ದಿನಕ್ಕೆ ನಾಲ್ಕು ಬಾರಿ ಒತ್ತಡ ಪರೀಕ್ಷಿಸಿ ‘ಇಳಿಯುತ್ತಲೇ ಇದೆ’ ಎಂದು ಕೊರಗುವವರು ತಮ್ಮ ಕೈಯಿಂದಲೇ ಗಾಳಿ ಬಿಡುತ್ತಿರುತ್ತಾರೆ. ಬೇಕಾದ ಒತ್ತಡಕ್ಕಿಂತ ಸ್ವಲ್ಪ ಹೆಚ್ಚು ತುಂಬಿ, ಗೇಜಿನಿಂದಲೇ ಇಳಿಸುತ್ತ ಬೇಕಾದ ಅಂಕಿಗೆ ನಿಲ್ಲಿಸಿ, ಮರುದಿನ ಅದೇ ಗೇಜಿನಿಂದ ಒಂದೇ ಒಂದು ಬಾರಿ ನೋಡುವುದು ಸರಿಯಾದ ಕ್ರಮ. ಎತ್ತರದ ಅಳತೆಯನ್ನೂ ತೆಗೆದರೆ ಇನ್ನೂ ಮೇಲು, ಏಕೆಂದರೆ ಅಳತೆಪಟ್ಟಿ ಗಾಳಿ ತಿನ್ನುವುದಿಲ್ಲ.

ಎರಡನೆಯ ಅನುಮಾನ ಚಳಿಯ ಮೇಲೆ ಇರಲಿ. 20 ಡಿಗ್ರಿ ಸೆಲ್ಸಿಯಸ್ ಇರುವ ಗ್ಯಾರೇಜಿನಲ್ಲಿ 50 ಪಿಎಸ್‌ಐ ತುಂಬಿದ ಗಾಡಿಯನ್ನು ಸೊನ್ನೆಗಿಂತ 10 ಡಿಗ್ರಿ ಕೆಳಗಿನ ರಾತ್ರಿಯಲ್ಲಿ ಹೊರಗೆ ನಿಲ್ಲಿಸಿದರೆ, ಚೀಲದ ಗಾತ್ರ ಬದಲಾಗದು ಎಂದು ಹಿಡಿದು ಲೆಕ್ಕ ಹಾಕಿದಾಗ ಗೇಜು ಸುಮಾರು 43 ತೋರಿಸಬೇಕು. ವಾತಾವರಣದ ಒತ್ತಡವನ್ನೂ ಕೂಡಿಸಿ ಲೆಕ್ಕ ಹಾಕಬೇಕಾದ್ದರಿಂದ ಇಳಿತ ತೋರುವುದಕ್ಕಿಂತ ದೊಡ್ಡದು. ವಾಸ್ತವದಲ್ಲಿ ಚೀಲ ತುಸು ಕುಗ್ಗಿ, ಒತ್ತಡದ ಒಂದಿಷ್ಟು ಇಳಿತ ಎತ್ತರದ ಇಳಿತವಾಗಿ ಕಾಣುತ್ತದೆ. ಬಿಸಿಲೇರಿದ ಮೇಲೆ ಎರಡೂ ಹಿಂದಿನ ಅಂಕಿಗೆ ಮರಳಿದರೆ ಸೋರಿಕೆಯೇ ಇಲ್ಲ.

ಇವೆರಡನ್ನೂ ಕಳೆದ ಮೇಲೆ ಅಂಕಿ ಹೇಗೆ ಓದಬೇಕೆಂದರೆ, ಹೊಸ ಕಿಟ್ಟಿನಲ್ಲಿ ಮೊದಲ 24 ಗಂಟೆಗಳಲ್ಲಿ 2ರಿಂದ 4 ಪಿಎಸ್‌ಐ ಇಳಿಯುವುದು ಸಹಜ. ರಬ್ಬರು ಹಿಗ್ಗಿ, ಕೊಂಡಿಗಳು ತಮ್ಮ ಜಾಗದಲ್ಲಿ ಕೂರುತ್ತವೆ. 5ಕ್ಕಿಂತ ಹೆಚ್ಚು ಇಳಿದರೆ ಸೋರಿಕೆಯನ್ನು ಹುಡುಕಬೇಕು.

ಹುಡುಕಾಟ ಅಗ್ಗದ ಕಡೆಯಿಂದ, ಅಂದರೆ ಗಾಳಿ ತುಂಬುವ ವಾಲ್ವಿನಿಂದ ಆರಂಭವಾಗಲಿ. ಊರಿನ ಪಂಕ್ಚರ್ ಅಂಗಡಿಯವರು ವಾಲ್ವಿನ ಬಾಯಿಗೆ ಬೆರಳ ತುದಿಯಿಂದ ಉಗುಳು ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಿದ್ದುದು ಓದುಗರಿಗೆ ನೆನಪಿರಬಹುದು. ಇಲ್ಲಿಯೂ ಅದೇ ಪರೀಕ್ಷೆ, ಉಗುಳಿನ ಬದಲು ಪಾತ್ರೆ ತೊಳೆಯುವ ಸೋಪಿನ ನೀರು. ಗುಳ್ಳೆ ಎದ್ದರೆ ಒಳಗಿನ ವಾಲ್ವ್ ಪಿನ್ನನ್ನು ಅದರ ಕೀಲಿಯಿಂದ ಬಿಗಿದು ನೋಡಬೇಕು. ನಿಲ್ಲದಿದ್ದರೆ ಪಿನ್ ಬದಲಿಸಬೇಕು. ಕೈಪಿಡಿಯಲ್ಲಿರುವ ರಿಪೇರಿಗಳಲ್ಲೆಲ್ಲ ಇದಕ್ಕೆ ತಗಲುವ ಖರ್ಚು ಅತ್ಯಂತ ಕಡಿಮೆ.

ಮುಂದಿನದು ಕೊಳವೆ ಫಿಟ್ಟಿಂಗಿಗೆ ಸೇರುವ ಜಾಗ, ಮತ್ತು ನನ್ನ ಅನುಭವದಲ್ಲಿ ತಪ್ಪು ಅಡಗಿರುವ ಜಾಗ ಇದೇ. ಈ ಫಿಟ್ಟಿಂಗುಗಳಲ್ಲಿ ಕೊಳವೆಯ ಕಡೆ ತಿರುಗಿಸಿ ಬಿಗಿಯುವ ಮರೆ (ಥ್ರೆಡ್) ಇಲ್ಲ. ಕೊಳವೆಯನ್ನು ಒಳಗೆ ತಳ್ಳಿದರೆ ಒಳಗಿನ ಹಲ್ಲುಗಳು ಹಿಡಿದುಕೊಳ್ಳುತ್ತವೆ, ಒ-ರಿಂಗು ಎಂಬ ರಬ್ಬರಿನ ಬಳೆ ಗಾಳಿಯನ್ನು ತಡೆಯುತ್ತದೆ. ಆ ಒ-ರಿಂಗು ಕೆಲಸ ಮಾಡಬೇಕಾದರೆ ಕೊಳವೆಯ ತುದಿಯನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿರಬೇಕು. ಮೊದಲ ಬಾರಿ ನಾನು ವೈರ್ ಕತ್ತರಿಸುವ ಕಟಿಂಗ್ ಪ್ಲೇಯರಿನಿಂದ ಕತ್ತರಿಸಿದ್ದೆ. ತುದಿ ಕಣ್ಣಿಗೆ ಸರಿಯಾಗಿಯೇ ಕಂಡಿತು. ಆದರೆ ಮೂರು ದಿನವೂ ಎಡ ಚೀಲ ಬೆಳಗಾಗುವಷ್ಟರಲ್ಲಿ 12 ಪಿಎಸ್‌ಐ ಕಳೆದುಕೊಳ್ಳುತ್ತಿತ್ತು. ಸೋಪು ಸಿಂಪಡಿಸಿದಾಗ ಮೊದಲು ಏನೂ ಕಾಣಲಿಲ್ಲ. ಟಾರ್ಚ್ ಹಿಡಿದು ಎರಡು ನಿಮಿಷ ಕಾದ ಮೇಲೆ ಫಿಟ್ಟಿಂಗಿನ ಕೊರಳಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ಕೊಳವೆಯನ್ನು ಹೊರಗೆಳೆದು ನೋಡಿದರೆ ದುಂಡಗಿರಬೇಕಾದ ತುದಿ ಪ್ಲೇಯರಿನ ಒತ್ತಿಗೆ ಹುಣಸೆ ಬೀಜದಂತೆ ಚಪ್ಪಟೆಯಾಗಿ, ಒಂದು ಮಗ್ಗುಲಲ್ಲಿ ಓರೆಯಾಗಿತ್ತು. ಒಂದು ಇಂಚು ಹಿಂದಕ್ಕೆ ಬ್ಲೇಡಿನಿಂದ ನೇರವಾಗಿ ಕತ್ತರಿಸಿ ಮತ್ತೆ ತಳ್ಳಿದಾಗ ಸೋರಿಕೆ ನಿಂತಿತು. ತುದಿಯಿಂದ ಸುಮಾರು 14 ಮಿಲಿಮೀಟರ್ ದೂರದಲ್ಲಿ ಪೆನ್ನಿನಿಂದ ಗುರುತು ಹಾಕಿಕೊಂಡು, ಆ ಗುರುತು ಒಳಗೆ ಹೋಗುವವರೆಗೂ ತಳ್ಳುವುದನ್ನು ರೂಢಿ ಮಾಡಿಕೊಂಡರೆ, ಅರ್ಧಕ್ಕೇ ನಿಂತ ಕೊಳವೆಯ ತೊಂದರೆಯೂ ಬರುವುದಿಲ್ಲ.

ಚೀಲದ ತಲೆಗೆ ತಿರುಗಿಸಿ ಹಾಕುವ ಫಿಟ್ಟಿಂಗಿನ ಮರೆಗೆ ಸಾಮಾನ್ಯವಾಗಿ ತಯಾರಕರೇ ಅಂಟು ಹಚ್ಚಿ ಕಳಿಸಿರುತ್ತಾರೆ. ಬೆರಳಿನಲ್ಲಿ ತಿರುಗುವಷ್ಟು ತಿರುಗಿಸಿ, ಮೇಲೆ ಪಾನಾದಿಂದ ಒಂದೂವರೆ ಸುತ್ತು ಕೊಟ್ಟರೆ ಸಾಕು. ಅದರ ಮೇಲೆ ಟೆಫ್ಲಾನ್ ಟೇಪು ಸುತ್ತಿ ಸುತ್ತಿ ಬಿಗಿಯುವ ಅಭ್ಯಾಸ ನಲ್ಲಿ ರಿಪೇರಿಯಿಂದ ಬಂದದ್ದು. ಇಲ್ಲಿ ಅದರಿಂದ ಚೂರುಗಳು ಒಳಗೆ ಹೋಗುವುದೇ ಲಾಭ.

ಇಷ್ಟಾದರೂ ಸೋರಿಕೆಯ ಮೂಲ ಸಿಗದಿದ್ದರೆ ಅದಲು ಬದಲಿನ ಪರೀಕ್ಷೆ ಮಾಡಬೇಕು. ಗಾಳಿ ಇಳಿಸಿ, ಎಡ ಚೀಲದ ಕೊಳವೆಯನ್ನು ಬಲ ಚೀಲಕ್ಕೂ ಬಲದ್ದನ್ನು ಎಡಕ್ಕೂ ಸೇರಿಸಿ ಒಂದು ರಾತ್ರಿ ಬಿಡಬೇಕು. ಸೋರಿಕೆ ಇನ್ನೊಂದು ಚೀಲಕ್ಕೆ ದಾಟಿದರೆ ತಪ್ಪು ಕೊಳವೆ ಅಥವಾ ವಾಲ್ವಿನದು. ಮೊದಲಿದ್ದ ಚೀಲದಲ್ಲೇ ಉಳಿದರೆ ಚೀಲದ್ದು ಅಥವಾ ಅದರ ತಲೆಯ ಫಿಟ್ಟಿಂಗಿನದು. ಮೊಳಕಾಲೂರಿ ಸೋಪು ಸಿಂಪಡಿಸುತ್ತ ಕಳೆಯುವ ಒಂದು ಇಡೀ ಭಾನುವಾರವನ್ನು ಈ ಒಂದು ಪರೀಕ್ಷೆ ಉಳಿಸಿಕೊಡುತ್ತದೆ. ಚೀಲದ ರಬ್ಬರಿನಿಂದಲೇ ಗುಳ್ಳೆ ಏಳುತ್ತಿದ್ದರೆ ಅದನ್ನು ಪಂಕ್ಚರ್ ಹಾಕಿ ಸರಿಪಡಿಸಲು ಹೋಗಬಾರದು, ಚೀಲವನ್ನೇ ಬದಲಿಸಬೇಕು.

ಗಾಳಿ ಸೋರುವ ತಲೆನೋವು ಹೊಸತೇನೂ ಅಲ್ಲ. 1957ರ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್ ಎಂಬ ಬಹು ದುಬಾರಿ ಕಾರು ಕಾರ್ಖಾನೆಯಿಂದಲೇ ಗಾಳಿಯ ಸಸ್ಪೆನ್ಷನ್ ಹೊತ್ತು ಬಂದಿತ್ತು. ಸೋರಿಕೆಯಿಂದ ಬೇಸತ್ತ ಅನೇಕ ಮಾಲೀಕರು ಅದನ್ನು ಕಿತ್ತು ಮಾಮೂಲಿ ಕಾಯಿಲ್ ಸ್ಪ್ರಿಂಗ್ ಹಾಕಿಸಿಕೊಂಡರು.

ಲಕ್ಷಣ: ಗಾಡಿ ಒಂದು ಪಕ್ಕಕ್ಕೆ ವಾಲಿದೆ

ಎರಡೂ ಚೀಲಗಳನ್ನು 5 ಪಿಎಸ್‌ಐಗೆ ಇಳಿಸಿ, ಮೊದಲು ಬರೆದಿಟ್ಟ ಅಳತೆಗಳೊಂದಿಗೆ ಹೋಲಿಸಬೇಕು. ಅಷ್ಟೇ ವಾಲಿಕೆ ಮೊದಲೂ ಇದ್ದರೆ ಚೀಲ ನಿರಪರಾಧಿ. ನನ್ನ ಗಾಡಿಯಲ್ಲಿ ಚಾಲಕನ ಆಸನವೂ ಪೆಟ್ರೋಲ್ ಟ್ಯಾಂಕೂ ಎಡಕ್ಕೇ ಇವೆ. 26 ಗ್ಯಾಲನ್ ಟ್ಯಾಂಕು ತುಂಬಿದಾಗ ಅದರ ಪೆಟ್ರೋಲೊಂದೇ 70 ಕಿಲೋಗ್ರಾಂ ದಾಟುತ್ತದೆ. ಕಾಲು ಇಂಚಿನ ವ್ಯತ್ಯಾಸ ಅಷ್ಟರಿಂದಲೇ ಬರಬಹುದು, ಮತ್ತು ಎಡ ಚೀಲಕ್ಕೆ ತುಸು ಹೆಚ್ಚು ಗಾಳಿ ಕೊಟ್ಟು ಅದನ್ನು ಸರಿದೂಗಿಸುವುದರಲ್ಲಿ ತಪ್ಪಿಲ್ಲ.

ಆದರೆ ಗಾಡಿಯನ್ನು ಮಟ್ಟಕ್ಕೆ ತರಲು ಒಂದು ಕಡೆ 20, ಇನ್ನೊಂದು ಕಡೆ 50 ಪಿಎಸ್‌ಐ ಬೇಕಾಗುತ್ತಿದ್ದರೆ ಅಲ್ಲಿಗೆ ನಿಲ್ಲಿಸಬೇಕು. ಮೊದಲು ಎರಡೂ ಟೈರಿನ ಗಾಳಿ ಮತ್ತು ಅಳತೆ ಒಂದೇ ಆಗಿವೆಯೇ ಎಂದು ನೋಡಿ, ಆಮೇಲೆ ಲೀಫ್ ಸ್ಪ್ರಿಂಗಿನ ಪ್ಲೇಟುಗಳನ್ನು ಒಂದೊಂದಾಗಿ ತಂತಿ ಬ್ರಷ್ಷಿನಿಂದ ಉಜ್ಜಿ ಬೆಳಕಿನಲ್ಲಿ ನೋಡಬೇಕು. ಲಾರಿ ಗ್ಯಾರೇಜಿನವರು ‘ಪ್ಲೇಟು ಕಟ್ಟಾಗಿದೆ’ ಎನ್ನುವುದು ಇದಕ್ಕೇ: ನಡುವಿನ ಬೋಲ್ಟಿನ ಹತ್ತಿರ ಅಥವಾ ಕ್ಲಿಪ್ಪಿನ ಕೆಳಗೆ ಕೂದಲೆಳೆಯಂತಹ ಬಿರುಕು, ಅದರ ಅಂಚಿನಲ್ಲಿ ತುಕ್ಕಿನ ಕೆಂಪು ಗೆರೆ. ಸ್ಪ್ರಿಂಗನ್ನು ಚಾಸಿಗೆ ತೂಗುಹಾಕುವ ಷ್ಯಾಕಲ್ ತುಕ್ಕು ತಿಂದು ಮುರಿದಿದ್ದರೂ ಇದೇ ವಾಲಿಕೆ ಕಾಣುತ್ತದೆ. ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡುವ ಕೆಲಸವೂ ಲೀಫ್ ಸ್ಪ್ರಿಂಗಿನದೇ ಆದ್ದರಿಂದ, ಕಟ್ಟಾದ ಪ್ಲೇಟನ್ನು ಗಾಳಿಯಿಂದ ಮುಚ್ಚಿಟ್ಟು ಓಡಿಸುವುದು ಪ್ರಾಣಾಪಾಯದ ಕೆಲಸ.

ಲಕ್ಷಣ: ತಿರುವಿನಲ್ಲಿ ಮೊದಲಿಗಿಂತ ಹೆಚ್ಚು ಓಲಾಡುತ್ತದೆ

ಒಂದೇ ವಾಲ್ವಿನಿಂದ ಟಿ ಆಕಾರದ ಕೊಂಡಿಯ ಮೂಲಕ ಎರಡೂ ಚೀಲಗಳಿಗೆ ಗಾಳಿ ಹಂಚಿದ್ದರೆ ಕಾರಣವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ. ತಿರುವಿನಲ್ಲಿ ಭಾರ ಬಿದ್ದ ಕಡೆಯ ಗಾಳಿ ಹಗುರವಾದ ಕಡೆಗೆ ಹರಿದುಹೋಗಿ, ಆಸರೆ ಬೇಕಾದ ಹೊತ್ತಿನಲ್ಲೇ ಚೀಲ ಕೈಕೊಡುತ್ತದೆ. ಎರಡು ಕೊಳವೆ, ಎರಡು ವಾಲ್ವು ಹಾಕುವುದೇ ಪರಿಹಾರ. ಕೊಳವೆಗಳು ಮೊದಲೇ ಬೇರೆಯಾಗಿದ್ದರೆ ಷಾಕ್ ಅಬ್ಸಾರ್ಬರುಗಳನ್ನು ನೋಡಬೇಕು.

ಲಕ್ಷಣ: ಖಾಲಿ ಗಾಡಿ ಎತ್ತಿ ಎತ್ತಿ ಹಾಕುತ್ತದೆ, ಅಥವಾ ಹಳ್ಳದಲ್ಲಿ ಧಡ್ ಎನ್ನುತ್ತದೆ

ಇವೆರಡೂ ಎದುರುಬದುರಾದ ದೋಷಗಳು. ಟ್ರೇಲರ್ ಕಳಚಿದ ಮೇಲೂ 60 ಪಿಎಸ್‌ಐ ಹಾಗೆಯೇ ಉಳಿಸಿಕೊಂಡು ಖಾಲಿ ಓಡಿಸಿದರೆ ಹಿಂಭಾಗ ಗಟ್ಟಿಯಾಗಿ, ಪ್ರತಿ ಉಬ್ಬಿಗೂ ಸೊಂಟಕ್ಕೆ ಪೆಟ್ಟು ಬೀಳುತ್ತದೆ. ಖಾಲಿ ಗಾಡಿಗೆ 5ರಿಂದ 10 ಪಿಎಸ್‌ಐ ಸಾಕು. ಅಷ್ಟು ಇಳಿಸಿದ ಮೇಲೂ ಗಾಡಿ ಒಂದು ಹಳ್ಳಕ್ಕೆ ಮೂರು ಬಾರಿ ಕುಣಿದರೆ ಷಾಕ್ ಅಬ್ಸಾರ್ಬರಿನ ಎಣ್ಣೆ ಸೋರಿದೆಯೇ ಎಂದು ನೋಡಬೇಕು. ಸ್ಪ್ರಿಂಗು ಎಷ್ಟು ಗಟ್ಟಿಯಾದರೂ ಕುಣಿತವನ್ನು ನಿಲ್ಲಿಸುವುದು ಷಾಕ್ ಅಬ್ಸಾರ್ಬರೇ. ಚೀಲ ಆ ಕೆಲಸ ಮಾಡುವುದಿಲ್ಲ.

ಧಡ್ ಎಂಬ ಸದ್ದು ಇದಕ್ಕೆ ವಿರುದ್ಧ. ಅನೇಕ ಕಿಟ್ಟುಗಳನ್ನು ಕೂರಿಸುವಾಗ ಚಾಸಿಯ ಕೆಳಗಿದ್ದ ರಬ್ಬರಿನ ಮೊಳೆ, ಅಂದರೆ ಬಂಪ್ ಸ್ಟಾಪ್ ಅನ್ನು ತೆಗೆದು ಅದರ ಜಾಗದಲ್ಲೇ ಚೀಲ ಕೂರಿಸಲಾಗುತ್ತದೆ. ಆ ಮೇಲೆ ಚೀಲದಲ್ಲಿ ಗಾಳಿ ಇಲ್ಲವೆಂದರೆ ತಡೆಯೇ ಇಲ್ಲ. ಚೀಲ ಪೂರ್ತಿ ಮಡಿಚಿ ಮೇಲಿನ ತಟ್ಟೆ ಕೆಳಗಿನ ತಟ್ಟೆಗೆ ಬಡಿಯುತ್ತದೆ, ನಡುವೆ ಸಿಕ್ಕಿದ ರಬ್ಬರು ತೂತಾಗುತ್ತದೆ. ಒಳಗೇ ರಬ್ಬರಿನ ಗೂಟ ಇರುವ ಮಾದರಿಗಳನ್ನು ಬಿಟ್ಟರೆ, 5 ಪಿಎಸ್‌ಐಗಿಂತ ಕೆಳಗೆ ಒಂದು ಮೈಲಿಯೂ ಓಡಿಸಬಾರದು. ಮೇಲಿನ ಮಿತಿ ಹೆಚ್ಚಿನ ಕಿಟ್ಟುಗಳಲ್ಲಿ 100. ಪೆಟ್ರೋಲ್ ಬಂಕಿನ ಕಂಪ್ರೆಸರಿನಲ್ಲಿ ಕಣ್ಣು ತಪ್ಪಿದರೆ ಅದನ್ನು ದಾಟುವುದು ಕಷ್ಟವೇನಲ್ಲ, ಏಕೆಂದರೆ ಇಷ್ಟು ಸಣ್ಣ ಚೀಲ ಕೆಲವೇ ಕ್ಷಣಗಳಲ್ಲಿ ತುಂಬುತ್ತದೆ.

ಲಕ್ಷಣ: ಹಿಂದಿನಿಂದ ಟಕ್ ಟಕ್ ಅಥವಾ ಕಿರ್ರ್ ಎನ್ನುವ ಸದ್ದು

ಮೊದಲ 500 ಮೈಲಿ ಓಡಿಸಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಕಿಟ್ಟಿನ ಕಾಗದದಲ್ಲಿ ಹೇಳಿರುವ ಬಿಗಿತಕ್ಕೆ ಮತ್ತೊಮ್ಮೆ ತರಬೇಕೆಂಬ ಸೂಚನೆಯನ್ನು ಯಾರೂ ಓದುವುದಿಲ್ಲ; ಟಕ್ ಟಕ್ ಸದ್ದಿಗೆ ಹೆಚ್ಚಾಗಿ ಕಾರಣ ಅದೇ. ಹಳೆಯ ಚಾಸಿಯ ಮೇಲಿನ ಬಣ್ಣ ಮತ್ತು ತುಕ್ಕಿನ ಪದರ ಬ್ರಾಕೆಟ್ಟಿನ ಕೆಳಗೆ ಪುಡಿಯಾಗಿ ಕೂತಾಗ ಬಿಗಿತ ತಾನಾಗಿಯೇ ಸಡಿಲುತ್ತದೆ. ಬ್ರಾಕೆಟ್ಟಿನ ಅಂಚಿನಲ್ಲಿ ಹೊಳೆಯುವ ಹಸಿ ಕಬ್ಬಿಣದ ಗೆರೆ ಕಂಡರೆ ಅದು ಅಲುಗಾಡುತ್ತಿದೆ ಎಂದೇ ಅರ್ಥ. ಕಿರ್ರ್ ಎಂಬ ಸದ್ದು ಬಹುಪಾಲು ಲೀಫ್ ಸ್ಪ್ರಿಂಗಿನ ಬುಷ್‌ಗಳದು. ಎರಡು ದಶಕದ ರಬ್ಬರು ಒಣಗಿ ಹೋಗಿರುತ್ತದೆ.

ಲಕ್ಷಣ: ಸುಟ್ಟ ರಬ್ಬರಿನ ವಾಸನೆ, ಚೀಲದ ಮೇಲೆ ನುಣುಪಾದ ಕಲೆ

ಇಲ್ಲಿ ಪರೀಕ್ಷೆಗಿಂತ ಮೊದಲು ಗಾಡಿ ನಿಲ್ಲಿಸಬೇಕು. ನನ್ನದರಂತಹ ಗಾಡಿಗಳಲ್ಲಿ ಸೈಲೆನ್ಸರಿನ ಕೊಳವೆ ಬಲಗಡೆಯ ಆಕ್ಸಲ್ ಮೇಲೆ ಹಾದುಹೋಗುವುದರಿಂದ ಬಲ ಚೀಲಕ್ಕೆ ಬಿಸಿ ತಗಲುತ್ತದೆ. ಕಿಟ್ಟಿನಲ್ಲಿ ಬರುವ ತಗಡಿನ ಮರೆಯನ್ನು ‘ಆಮೇಲೆ ಹಾಕೋಣ’ ಎಂದು ಬಿಟ್ಟವರ ಚೀಲ ಒಂದು ಕಡೆ ಮೇಣದಂತೆ ಹೊಳೆಯತೊಡಗುತ್ತದೆ. ನೈಲಾನ್ ಕೊಳವೆಗಂತೂ ಸೈಲೆನ್ಸರಿನಿಂದ ಒಂದು ಗೇಣಾದರೂ ಅಂತರವಿರಬೇಕು. ಪೂರ್ತಿ ಗಾಳಿ ತುಂಬಿದಾಗ ಚೀಲದ ಸುತ್ತ ಎಲ್ಲ ಕಡೆಯೂ ಅರ್ಧ ಇಂಚು ಖಾಲಿ ಜಾಗವಿರಬೇಕು. ಬ್ರೇಕ್ ಪೈಪೋ ಬ್ರಾಕೆಟ್ಟೋ ತಗಲುತ್ತಿದ್ದರೆ ಅದು ಒಂದೆರಡು ಸಾವಿರ ಮೈಲಿಗಳಲ್ಲಿ ರಬ್ಬರನ್ನು ಸವೆಸುತ್ತದೆ. ರಬ್ಬರಿನ ಒಳಗಿನ ನೂಲು ಕಾಣಿಸಿಕೊಂಡ ಚೀಲವನ್ನು ಗಾಳಿ ಇಳಿಸಿ ತೆಗೆಯುವುದಲ್ಲದೆ ಬೇರೆ ದಾರಿಯಿಲ್ಲ.

ಲಕ್ಷಣ: ಗಾಡಿ ಮಟ್ಟವಾಗಿದೆ, ಆದರೂ ಸ್ಟೀರಿಂಗ್ ಹಗುರವಾಗಿ ಟ್ರೇಲರ್ ತೂಗಾಡುತ್ತದೆ

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವ ಲಕ್ಷಣ ಇದು, ಏಕೆಂದರೆ ನೋಡಲು ಎಲ್ಲವೂ ಸರಿಯಾಗಿರುತ್ತದೆ. ಟ್ರೇಲರಿನ ಕೊಕ್ಕೆ ಹಿಂದಿನ ಆಕ್ಸಲಿಗಿಂತ ಸುಮಾರು 4 ಅಡಿ ಹಿಂದಿದ್ದು, ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವೆ 12 ಅಡಿ ಇದೆಯೆಂದುಕೊಳ್ಳೋಣ. ಕೊಕ್ಕೆಯ ಮೇಲೆ 225 ಕಿಲೋಗ್ರಾಂ ಬಿದ್ದರೆ ಗಾಡಿ ಏತದಂತೆ ಹಿಂದಕ್ಕೆ ತೂಗಿ, ಮುಂದಿನ ಚಕ್ರಗಳಿಂದ 75 ಕಿಲೋಗ್ರಾಂ ಎದ್ದುಹೋಗುತ್ತದೆ, ಹಿಂದಿನ ಚಕ್ರಗಳ ಮೇಲೆ 300 ಕಿಲೋಗ್ರಾಂ ಕೂಡುತ್ತದೆ. ಚೀಲಕ್ಕೆ ಗಾಳಿ ತುಂಬಿ ಹಿಂಭಾಗವನ್ನು ಎತ್ತಿದಾಗ ಹೆಡ್‌ಲೈಟು ರಸ್ತೆಗೆ ಬೀಳುತ್ತದೆ ನಿಜ. ಆದರೆ ಮುಂದಿನ ಚಕ್ರಗಳಿಂದ ಎದ್ದುಹೋದ ಆ 75 ಕಿಲೋಗ್ರಾಂ ಮರಳುವುದಿಲ್ಲ. ಭಾರವನ್ನು ಮುಂದಕ್ಕೆ ಹಿಂದಿರುಗಿಸುವುದು ಉಕ್ಕಿನ ತೊಲೆಗಳಿರುವ, ಭಾರ ಹಂಚುವ ಹಿಚ್ (ಟ್ರೇಲರ್ ಸಿಕ್ಕಿಸುವ ಜೋಡಣೆ) ಮಾತ್ರ. ಅಂತಹ ಹಿಚ್ ಇರುವವರು ಮೊದಲು ಅದನ್ನು ಹೊಂದಿಸಿ, ಉಳಿದ ಅಲ್ಪ ತಗ್ಗನ್ನಷ್ಟೇ ಗಾಳಿಯಿಂದ ತುಂಬಬೇಕು.

ಖರ್ಚು ಕಡಿಮೆಯ ಪರೀಕ್ಷೆಯೆಂದರೆ ಅಳತೆಯ ಪುಸ್ತಕವನ್ನು ಮತ್ತೆ ತೆರೆದು, ಟ್ರೇಲರ್ ಸಿಕ್ಕಿಸಿದಾಗ ಮುಂದಿನ ಕಮಾನು ಎಷ್ಟು ಎತ್ತರಕ್ಕೆ ಹೋಗಿದೆಯೆಂದು ನೋಡುವುದು. ಇನ್ನೂ ಖಚಿತ ಬೇಕೆಂದರೆ ಹೆದ್ದಾರಿಯ ದೊಡ್ಡ ಟ್ರಕ್ ನಿಲ್ದಾಣಗಳಲ್ಲಿ, ಊರಿನ ಸಕ್ಕರೆ ಕಾರ್ಖಾನೆಯ ವೇ ಬ್ರಿಡ್ಜಿನಂತಹುದೇ ಆದರೆ ಪ್ರತಿ ಆಕ್ಸಲನ್ನೂ ಬೇರೆ ಬೇರೆಯಾಗಿ ತೂಗುವ ಕಟ್ಟೆಗಳಿವೆ. ಅಲ್ಪ ಶುಲ್ಕಕ್ಕೆ ಚೀಟಿ ಸಿಗುತ್ತದೆ. ಆ ಚೀಟಿಯ ಅಂಕಿಯನ್ನು ಚಾಲಕನ ಬಾಗಿಲಿನ ಕಂಬದ ಮೇಲಿರುವ ಚೀಟಿಯಲ್ಲಿನ ಗರಿಷ್ಠ ಭಾರದೊಂದಿಗೆ ಹೋಲಿಸಬೇಕು. ಚೀಲದ ಪೆಟ್ಟಿಗೆಯ ಮೇಲೆ 5000 ಪೌಂಡು ಎಂದು ಎಷ್ಟೇ ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಬಾಗಿಲಿನ ಅಂಕಿ ಒಂದು ಪೌಂಡೂ ಏರುವುದಿಲ್ಲ. ಬ್ರೇಕು, ಆಕ್ಸಲ್, ಬೇರಿಂಗು, ಟೈರು ಮೊದಲಿನವೇ ತಾನೆ. ಟ್ರೇಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಕೊಕ್ಕೆಯ ಮೇಲೆ ಬೀಳಬೇಕೆಂಬುದು ರೂಢಿಯ ಲೆಕ್ಕ. ಅದಕ್ಕಿಂತ ಕಡಿಮೆ ಬಿದ್ದರೂ ಟ್ರೇಲರ್ ತೂಗಾಡುತ್ತದೆ, ಆಗ ಟ್ರೇಲರಿನೊಳಗಿನ ಸಾಮಾನನ್ನು ಮುಂದಕ್ಕೆ ಸರಿಸಬೇಕು.

ಬ್ರೇಕ್ ಹಿಡಿದಾಗ ಹಿಂದಿನ ಚಕ್ರಗಳು ಕೆಲಸವನ್ನೇ ಮಾಡುತ್ತಿಲ್ಲವೆನಿಸಿದರೆ ಇನ್ನೊಂದು ಕಾರಣವನ್ನು ನೆನೆಯಬೇಕು. ಟೊಯೊಟಾದ ಹಳೆಯ ಪಿಕಪ್ಪುಗಳೂ ಸೇರಿದಂತೆ ಕೆಲವು ಗಾಡಿಗಳಲ್ಲಿ ಚಾಸಿಗೂ ಆಕ್ಸಲಿಗೂ ನಡುವೆ ಒಂದು ಸಣ್ಣ ಸರಳಿದ್ದು, ಹಿಂಭಾಗ ಎಷ್ಟು ತಗ್ಗಿದೆಯೆಂಬುದರಿಂದ ಹೊರೆಯನ್ನು ಅಂದಾಜಿಸಿ ಹಿಂದಿನ ಬ್ರೇಕಿಗೆ ಒತ್ತಡ ಹಂಚುವ ವಾಲ್ವಿಗೆ ತಿಳಿಸುತ್ತದೆ. ಗಾಳಿಚೀಲ ಹಿಂಭಾಗವನ್ನು ಎತ್ತಿ ನಿಲ್ಲಿಸಿದಾಗ ಹೊರೆ ತುಂಬಿದ ಗಾಡಿಯನ್ನೂ ಈ ವಾಲ್ವು ಖಾಲಿಯೆಂದೇ ತಿಳಿಯುತ್ತದೆ. ಇದನ್ನು ಮನೆಯಂಗಳದಲ್ಲಿ ಅಂದಾಜಿನಿಂದ ತಿರುಚಬಾರದು. ಬ್ರೇಕ್ ಬಲ್ಲವರ ಕೈಗೆ ಕೊಡಬೇಕು.

ಲಕ್ಷಣ: ಕಂಪ್ರೆಸರ್ ಓಡುತ್ತಲೇ ಇದೆ, ಅಥವಾ ಓಡುವುದೇ ಇಲ್ಲ

ಗಾಡಿಯೊಳಗಿನ ಬಟನ್ನಿನಿಂದಲೇ ಗಾಳಿ ಹಾಕಲು ಕಂಪ್ರೆಸರ್ ಕೂರಿಸಿಕೊಂಡವರಿಗೆ ಈ ಭಾಗ. ಓಡುತ್ತಲೇ ಇದ್ದರೆ ಮೊದಲು ಸ್ವಿಚ್ಚು ಆರಿಸಬೇಕು, ಏಕೆಂದರೆ ಈ ಪುಟ್ಟ ಯಂತ್ರಗಳು ಬಿಡುವಿಲ್ಲದೆ ಓಡಲು ಮಾಡಿದವಲ್ಲ; ಕಾರಣ ಸೋರಿಕೆಯೇ, ಮತ್ತು ಅದನ್ನು ಹುಡುಕುವ ದಾರಿ ಮೇಲೆ ಹೇಳಿದ್ದೇ. ಓಡದಿದ್ದರೆ ಫ್ಯೂಸು, ರಿಲೇ, ಅರ್ಥಿಂಗ್, ಈ ಕ್ರಮದಲ್ಲಿ ನೋಡಬೇಕು. ಕಂಪ್ರೆಸರ್ ಓಡಲು ಹೆಣಗುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಅದರ ಅರ್ಥ್ ತಂತಿಗೂ ಇನ್ನೊಂದನ್ನು ಬ್ಯಾಟರಿಯ ಋಣ ತುದಿಗೂ ಇಟ್ಟಾಗ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ, ತಂತಿ ಕಚ್ಚಿದ ಜಾಗದಲ್ಲಿ ತುಕ್ಕಿದೆಯೆಂದು ತಿಳಿಯಬೇಕು. ಚಳಿಗಾಲದಲ್ಲಿ ಮಾತ್ರ ಕೆಲಸ ನಿಂತು, ಮಧ್ಯಾಹ್ನ ತಾನೇ ಸರಿಹೋಗುವ ವ್ಯವಸ್ಥೆಯಲ್ಲಿ ಕೊಳವೆಯೊಳಗೆ ನೀರು ಸೇರಿ ಹೆಪ್ಪುಗಟ್ಟುತ್ತಿರುತ್ತದೆ. ಕಂಪ್ರೆಸರಿಗೆ ಗಾಳಿಯ ಟ್ಯಾಂಕಿದ್ದರೆ ಒತ್ತಡ ಇಳಿಸಿ, ಅದರ ಕೆಳಗಿನ ತಿರುಪು ತೆಗೆದು ನೀರು ಬಸಿಯಬೇಕು.

ಎಲ್ಲಿ ಪಾನಾ ಕೆಳಗಿಡಬೇಕು

ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ ಓಡಿದ ಗಾಡಿಯಾಗಿದ್ದರೆ ಬ್ರಾಕೆಟ್ ಕೂರುವ ಜಾಗದ ಚಾಸಿಯನ್ನು ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ತುಕ್ಕು ತಿಂದದ್ದು ಬೂದುಗುಂಬಳ ತಟ್ಟಿದಂತೆ ಮಂಕಾಗಿ ಸದ್ದು ಮಾಡಿ, ಹಪ್ಪಳದಂತಹ ಪದರಗಳನ್ನು ಉದುರಿಸುತ್ತದೆ. ಸ್ಕ್ರೂ ಡ್ರೈವರ್ ಒತ್ತಿದರೆ ಒಳಗಿಳಿಯುವ ಚಾಸಿಗೆ ಗಾಳಿಚೀಲ ಹಾಕಲೇಬಾರದು. ಲೀಫ್ ಸ್ಪ್ರಿಂಗು ಭಾರವನ್ನು ಚಾಸಿಗೆ ಎರಡು ದೂರದ ತುದಿಗಳಲ್ಲಿ ಒಪ್ಪಿಸಿದರೆ, ಚೀಲ ಅದನ್ನು ಆಕ್ಸಲಿನ ನೇರ ಮೇಲಿನ ಒಂದೇ ಜಾಗಕ್ಕೆ ಒತ್ತುತ್ತದೆ. ಬ್ರಾಕೆಟ್ಟಿನ ತೂತು ಹೊಂದುತ್ತಿಲ್ಲವೆಂದು ಚಾಸಿಯ ಮೇಲಿನ ಅಥವಾ ಕೆಳಗಿನ ಮಡಿಕೆಯಲ್ಲಿ ಹೊಸ ತೂತು ಕೊರೆಯುವುದೂ, ಗೊತ್ತಿಲ್ಲದೆ ವೆಲ್ಡ್ ಮಾಡುವುದೂ ಬಿರುಕಿಗೆ ದಾರಿ.

ಚಾಸಿಯ ಎಡಭಾಗದಲ್ಲಿ ಹಾಯುವ ಉಕ್ಕಿನ ಬ್ರೇಕ್ ಪೈಪುಗಳನ್ನು ಬೆರಳಿನಿಂದ ಸವರಿ ನೋಡಿದಾಗ ಚಕ್ಕುಲಿಯ ಮೇಲಿನಂತೆ ಮುಳ್ಳು ಮುಳ್ಳಾಗಿ ತುಕ್ಕೆದ್ದಿದ್ದರೆ, ಬ್ರಾಕೆಟ್ ಕೂರಿಸಲೆಂದು ಅವುಗಳನ್ನು ಬಗ್ಗಿಸಬಾರದು, ಕ್ಲಿಪ್ಪಿನಿಂದ ಬಿಡಿಸಲೂಬಾರದು. ಕೆಲಸದ ನಡುವೆ ಪೈಪಿನ ಮೇಲೆ ಒದ್ದೆ ಕಂಡರೆ, ಅಥವಾ ಪೆಡಲ್ ಮೊದಲಿಗಿಂತ ಕೆಳಗೆ ಹೋದರೆ, ಆ ಗಾಡಿಯನ್ನು ‘ಹತ್ತಿರವೇ ಇದೆಯಲ್ಲ’ ಎಂದು ಗ್ಯಾರೇಜಿನವರೆಗೆ ಓಡಿಸಿಕೊಂಡು ಹೋಗಬಾರದು. ಹೇರಿಕೊಂಡು ಒಯ್ಯುವ ಗಾಡಿಯನ್ನು ಕರೆಸಬೇಕು.